ಗುಡ್ಡದ ಬುಡದಲ್ಲಿ ಮನೆ ಇದ್ರೆ ಮಳೆಗಾಲಕ್ಕೆ ಹೀಗೆ ರೆಡಿ ಆಗಿ

ಪುಣೆ, ಮುಂಬೈಗೆ ದುಡಿಯೋಕೆ ಬಂದ ನಮ್ಮ ಕಡೆಯವರು ಎಷ್ಟೋ ಜನ ಬಾಡಿಗೆ ಕಡಿಮೆ ಅಂತ ಗುಡ್ಡಕ್ಕೆ ಅಂಟಿಕೊಂಡೇ ರೂಮ್ ಮಾಡ್ಕೊಂಡಿದಾರೆ, ಅದಕ್ಕೇ ಇದನ್ನ ಬರೀತಿದೀನಿ. 2014ರ ಜುಲೈ 30ಕ್ಕೆ ಪುಣೆ ಜಿಲ್ಲೆಯ ಮಾಳೀಣ ಊರಿನ ಮೇಲೆ ಗುಡ್ಡ ಜರಿದು ಸುಮಾರು 150 ಜನ ಸತ್ರು.

ಮೊದ್ಲು ಮನೆ ಹಿಂದೆ ಹೋಗಿ ನೋಡಿ. ಹೊಸ ಬಿರುಕು, ವಾಲಿದ ಮರ ಅಥವಾ ಕಂಬ, ಉಬ್ಬಿದ ತಡೆಗೋಡೆ, ಇದ್ದಕ್ಕಿದ್ದಂಗೆ ಬಿಗಿಯಾದ ಬಾಗಿಲು, ಇವೆಲ್ಲ ಮಣ್ಣು ಸರೀತಿರೋ ಲಕ್ಷಣ ಇರಬಹುದು. ಹೊಸ ಜಾಗದಲ್ಲಿ ಕೆಸರು ನೀರು ಉಕ್ಕಿದ್ರಂತೂ ಕಾಯ್ಲೇಬೇಡಿ. ನೀರೇ ಇಲ್ಲಿ ಮುಖ್ಯ ಶತ್ರು, ಮಣ್ಣಿನ ಸಂದಿಯೊಳಗೆ ತುಂಬ್ಕೊಂಡು ಹಿಡಿತ ಸಡಿಲ ಮಾಡುತ್ತೆ, ಭಾರನೂ ಹೆಚ್ಚಿಸುತ್ತೆ, ಹಂಗಾಗಿ ಜೂನ್‌ಗೆ ಮುಂಚೆನೇ ಗಟಾರ ಕ್ಲೀನ್ ಮಾಡ್ಸಿ, ಬಚ್ಚಲು ನೀರು ಇಳಿಜಾರಿಗೆ ಬಿಡ್ಬೇಡಿ, ರೂಮ್ ದೊಡ್ದು ಮಾಡೋಕೆ ಅಂತ ಗುಡ್ಡದ ಬುಡ ಕಡೀಲೇಬೇಡಿ. ತಡೆಗೋಡೆಯಲ್ಲಿ ನೀರು ಹೊರಗೆ ಹೋಗೋಕೆ ಅಂತ ಬಿಟ್ಟಿರೋ ತೂತುಗಳನ್ನ ಸಿಮೆಂಟ್ ಹಾಕಿ ಮುಚ್ಚಿದ್ರೆ ಹಿಂದೆ ನೀರು ನಿಂತು ಅದೇ ಗೋಡೆ ಮೈಮೇಲೆ ಬರುತ್ತೆ.

ರೆಡ್ ಅಲರ್ಟ್ ಇದ್ದ ದಿನ ಮಕ್ಕಳು, ವಯಸ್ಸಾದವರನ್ನ ಸಂಜೆನೇ ನೆಂಟರ ಮನೆಗೆ ಕಳ್ಸಿ, ದಯವಿಟ್ಟು. ಗುಡುಗಿನಂಥ ಸದ್ದು, ಮರ ಮುರಿಯೋ ಶಬ್ದ ಕೇಳಿದ್ರೆ ಸಾಮಾನು ಬಿಟ್ಟು ಪಕ್ಕಕ್ಕೆ ಓಡಿ, ಇಳಿಜಾರಿನ ಕೆಳಗಡೆಗಲ್ಲ, ಆಮೇಲೆ 112ಕ್ಕೆ ಫೋನ್ ಮಾಡಿ. ತಕ್ಷಣ ವಾಪಸ್ ಹೋಗ್ಬೇಡಿ, ಇನ್ನೊಂದ್ಸಲ ಜರೀಬಹುದು.