ಪಿಎಫ್, ಪಿಪಿಎಫ್, ಎನ್‌ಪಿಎಸ್: ಹಣ ಮನೆಯವರ ಕೈ ಸೇರುವಂತೆ ಮಾಡುವುದು ಹೇಗೆ?

ಮಾರ್ಚ್ ಬಂತೆಂದರೆ ತೆರಿಗೆ ಉಳಿಸಲು ಪಿಪಿಎಫ್‌ಗೋ (ಸಾರ್ವಜನಿಕ ಭವಿಷ್ಯ ನಿಧಿ) ಎನ್‌ಪಿಎಸ್‌ಗೋ (ರಾಷ್ಟ್ರೀಯ ಪಿಂಚಣಿ ಯೋಜನೆ) ಹಣ ಹಾಕುತ್ತೇವೆ. ನಾಳೆ ನಾವಿಲ್ಲದಿದ್ದರೆ ಆ ಹಣ ಯಾರಿಗೆ ಸೇರುತ್ತದೆ ಅನ್ನುವುದನ್ನು ಮಾತ್ರ ವಿಚಾರಿಸುವುದಿಲ್ಲ. ಒಂದು ಭಾನುವಾರ ಕೂತು ಇದನ್ನು ಸರಿ ಮಾಡಿಕೊಳ್ಳಿ.

ಮೊದಲು ಪಿಎಫ್, ಅಂದರೆ ಸಂಬಳದಿಂದ ಕಡಿತವಾಗುವ ಭವಿಷ್ಯ ನಿಧಿ. ಯುಎಎನ್ (ಪಿಎಫ್ ಸದಸ್ಯರ ಗುರುತಿನ ಸಂಖ್ಯೆ) ಪೋರ್ಟಲ್‌ಗೆ ಲಾಗಿನ್ ಆಗಿ ‘ಮ್ಯಾನೇಜ್’ ಕೆಳಗಿನ ಇ-ನಾಮಿನೇಷನ್ ತೆರೆಯಿರಿ. ನಿಮ್ಮ ನಂತರ ಹಣ ಪಡೆಯುವವರನ್ನು, ಅಂದರೆ ನಾಮಿನಿಯನ್ನು, ಹೆಸರಿಸುವ ಜಾಗ ಇದು. ಮನೆಯವರ ಫೋಟೊ, ಆಧಾರ್ ಸಂಖ್ಯೆ, ಯಾರಿಗೆ ಎಷ್ಟು ಪಾಲು ಎಂಬುದನ್ನು ತುಂಬಿ. ಕೊನೆಗೆ ಆಧಾರ್ ಒಟಿಪಿ ಮೂಲಕ ಇ-ಸೈನ್ (ಆನ್‌ಲೈನ್ ಸಹಿ) ಮಾಡಲೇಬೇಕು. ಸುಮ್ನೆ ಸೇವ್ ಮಾಡಿ ಬಿಟ್ಟರೆ ನಾಮಿನೇಷನ್ ಆದಂತಲ್ಲ.

ಮದುವೆಗೆ ಮುಂಚೆ ತಮ್ಮನನ್ನೋ ಅಕ್ಕನನ್ನೋ ನಾಮಿನಿ ಮಾಡಿದ್ದೀರಾ? ಪಿಎಫ್ ನಿಯಮದ ‘ಕುಟುಂಬ’ದಲ್ಲಿ ಒಡಹುಟ್ಟಿದವರು ಬರುವುದಿಲ್ಲ. ನಿಮಗೆ ಕುಟುಂಬ ಬಂದ ಕೂಡಲೇ ಆ ಹಳೆಯ ನಾಮಿನೇಷನ್ ರದ್ದಾದಂತೆ. ಹಾಗಾಗಿ ಮದುವೆಯಾದವರು, ಮಗುವಾದವರು ಹೊಸದಾಗಿ ತುಂಬಲೇಬೇಕು. ಕೆಲಸದಲ್ಲಿದ್ದಾಗಲೇ ತೀರಿಕೊಂಡರೆ ಪಿಎಫ್ ಜೊತೆಗಿರುವ ಇಡಿಎಲ್‌ಐ ಎಂಬ ಜೀವ ವಿಮೆಯಿಂದ 7 ಲಕ್ಷ ರೂಪಾಯಿವರೆಗೆ ಬರುತ್ತದೆ. ಅದರ ಕಂತು ಕಟ್ಟುವುದು ಕಂಪನಿ. ಎಷ್ಟೋ ಮನೆಗಳಲ್ಲಿ ಇದು ಗೊತ್ತೇ ಇರುವುದಿಲ್ಲ, ಇವತ್ತೇ ಹೇಳಿಬಿಡಿ.

ಪಿಪಿಎಫ್ ನಾಮಿನಿಯನ್ನು ಬ್ಯಾಂಕಿನಲ್ಲಿ ಅಥವಾ ಅಂಚೆ ಕಚೇರಿಯಲ್ಲಿ ನೋಡಿಕೊಳ್ಳಿ. ಖಾತೆದಾರರು ತೀರಿಕೊಂಡ ಮೇಲೆ ಆ ಖಾತೆಯನ್ನು ನಾಮಿನಿ ಮುಂದುವರಿಸುವಂತಿಲ್ಲ, ಮುಚ್ಚಿ ಹಣ ಪಡೆಯಬೇಕು. ಹಿರಿಯ ನಾಗರಿಕರ ಉಳಿತಾಯ ಯೋಜನೆ ಹಾಗಲ್ಲ. ಗಂಡ ಅಥವಾ ಹೆಂಡತಿ ಜಂಟಿ ಖಾತೆದಾರರೋ ಒಬ್ಬರೇ ನಾಮಿನಿಯೋ ಆಗಿದ್ದರೆ ಖಾತೆ ಮುಂದುವರಿಸಬಹುದು. ಎನ್‌ಪಿಎಸ್‌ನಲ್ಲಿ ಮೂವರವರೆಗೆ ನಾಮಿನಿ ಇಡಬಹುದು.

ಈಗ ಜಗಳ ಹುಟ್ಟುವ ಜಾಗ. ನಾಮಿನಿ ಅಂದರೆ ಮಾಲೀಕ ಅಂತ ಬಹಳ ಜನ ನಂಬಿದ್ದಾರೆ. ಪಿಪಿಎಫ್, ಬ್ಯಾಂಕ್ ಠೇವಣಿಗಳಲ್ಲಿ ನಾಮಿನಿ ಹಣ ಪಡೆಯುವವರು ಅಷ್ಟೇ, ಪಾಲು ವಾರಸುದಾರರದ್ದು. ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ, ಉಯಿಲು ಬರೆಯದೆ ತೀರಿಕೊಂಡ ಗಂಡಸಿನ ಹಣದಲ್ಲಿ ಹೆಂಡತಿ, ಮಕ್ಕಳಷ್ಟೇ ಪಾಲು ತಾಯಿಗೂ ಇದೆ. ಹೆಂಡತಿ ಒಬ್ಬರೇ ನಾಮಿನಿ ಆಗಿದ್ದರೂ ಅಷ್ಟೇ. ವಯಸ್ಸಾದ ತಾಯಿ ಮತ್ತು ಸೊಸೆ ಕೋರ್ಟಿಗೆ ಅಲೆಯುವುದು ಯಾರಿಗೆ ಬೇಕು, ಅಲ್ವಾ? ಉಯಿಲು ಬರೆದಿಡಿ. ಕನ್ನಡದಲ್ಲಿ, ಬಿಳಿ ಹಾಳೆಯಲ್ಲೇ ಬರೆಯಬಹುದು, ಛಾಪಾ ಕಾಗದ ಬೇಕಿಲ್ಲ. ಇಬ್ಬರು ಸಾಕ್ಷಿಗಳ ಸಹಿ ಬೇಕು. ಪಾಲು ಪಡೆಯುವವರನ್ನು ಸಾಕ್ಷಿ ಮಾಡದಿದ್ದರೆ ಒಳ್ಳೆಯದು. ನೋಂದಣಿ ಕಡ್ಡಾಯವಲ್ಲ, ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸುವುದೇ ಮೇಲು ಅಂತ ನನ್ನ ಅಭಿಪ್ರಾಯ. ಉಯಿಲಿನಲ್ಲಿರುವ ಹೆಸರು, ನಾಮಿನಿ ಹೆಸರು ಆದಷ್ಟೂ ಒಂದೇ ಇರಲಿ.

ತೆರಿಗೆಯ ಬಗ್ಗೆ ಜಾಸ್ತಿ ಹೆದರಬೇಕಿಲ್ಲ. ನಮ್ಮ ದೇಶದಲ್ಲಿ ಎಸ್ಟೇಟ್ ತೆರಿಗೆ (ತೀರಿಕೊಂಡವರ ಆಸ್ತಿಯ ಮೇಲಿನ ತೆರಿಗೆ) 1985ರಲ್ಲೇ ರದ್ದಾಗಿದೆ. ಮರಣಾನಂತರ ಬರುವ ಪಿಪಿಎಫ್ ಹಣಕ್ಕೂ ಎನ್‌ಪಿಎಸ್‌ನ ಇಡಿಗಂಟಿಗೂ ತೆರಿಗೆ ಇಲ್ಲ. ಕುಟುಂಬ ಪಿಂಚಣಿಗೆ ಮಾತ್ರ ಇದೆ. ಅದರಲ್ಲೂ ಹೊಸ ತೆರಿಗೆ ಪದ್ಧತಿಯಲ್ಲಿ ಪಿಂಚಣಿಯ ಮೂರನೇ ಒಂದು ಭಾಗ ಅಥವಾ 25,000 ರೂಪಾಯಿ, ಯಾವುದು ಕಡಿಮೆಯೋ ಅಷ್ಟು ಕಳೆಯಬಹುದು.

ತೀರಿಕೊಂಡವರ ಆ ವರ್ಷದ ಆದಾಯಕ್ಕೂ ರಿಟರ್ನ್ ಸಲ್ಲಿಸಬೇಕಾಗಬಹುದು. ಅದಕ್ಕೆ ವಾರಸುದಾರರು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಪ್ರತಿನಿಧಿಯಾಗಿ ನೋಂದಾಯಿಸಿಕೊಳ್ಳಬೇಕು. ಆ ಕೆಲಸ ಮುಗಿದು, ಬರಬೇಕಾದ ರಿಫಂಡ್ ಬಂದ ಮೇಲೆಯೇ ಅವರ ಪ್ಯಾನ್ ಕಾರ್ಡ್ ಹಿಂದಿರುಗಿಸಿ.