ಒಂದೇ ಸಲಕ್ಕೆ ದಕ್ಕದ ಬೇಹುಗಾರಿಕೆ ಸಿನಿಮಾ: 'ಟಿಂಕರ್ ಟೈಲರ್' ನೋಡುವ ಬಗೆ

'ತಲೆಬುಡ ಅರ್ಥವಾಗಲಿಲ್ಲ, ಅರ್ಧಕ್ಕೇ ಆಫ್ ಮಾಡಿದೆ' ಎಂದು ಜನ ಹೇಳುವ ಬೇಹುಗಾರಿಕೆ ಸಿನಿಮಾಗಳಲ್ಲಿ 'ಟಿಂಕರ್ ಟೈಲರ್ ಸೋಲ್ಜರ್ ಸ್ಪೈ'ಗೆ ಮೊದಲ ಸ್ಥಾನ. ಎರಡು ಮೂರು ಸಲ ನೋಡಿದವರು ಅದೇ ಸಿನಿಮಾವನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ. ಜಾನ್ ಲೆ ಕಾರೆ ಅವರ 1974ರ ಕಾದಂಬರಿಯನ್ನು ಸ್ವೀಡನ್ನಿನ ಟೊಮಾಸ್ ಆಲ್ಫ್ರೆಡ್‌ಸನ್ 2011ರಲ್ಲಿ ತೆರೆಗೆ ತಂದರು. ಅವಧಿ 127 ನಿಮಿಷ. ಜಾರ್ಜ್ ಸ್ಮೈಲಿಯ ಪಾತ್ರಕ್ಕಾಗಿ ಗ್ಯಾರಿ ಓಲ್ಡ್‌ಮನ್ ಮೊದಲ ಬಾರಿಗೆ ಆಸ್ಕರ್‌ಗೆ ನಾಮನಿರ್ದೇಶನಗೊಂಡರು.

ನಮ್ಮಲ್ಲಿ 'ಜೇಡರ ಬಲೆ'ಯಿಂದ (1968) ಶುರುವಾದ ಸಿಐಡಿ 999 ಚಿತ್ರಗಳನ್ನು ಸವಿದು ಬೆಳೆದವರು ಇಲ್ಲಿ ಹೊಡೆದಾಟ, ವೇಷ, ಹಾಡು ಹುಡುಕಿದರೆ ನಿರಾಸೆ ಖಂಡಿತ. ಸ್ಮೈಲಿ ಸಿನಿಮಾದ ಮೊದಲ ಕಾಲು ಗಂಟೆ ಬಾಯನ್ನೇ ಬಿಡುವುದಿಲ್ಲ. ಕಥೆಯ ಎಳೆ ಮಾತ್ರ ಸರಳ: ಬ್ರಿಟನ್ನಿನ ಗುಪ್ತಚರ ಸಂಸ್ಥೆಯ ತುದಿಯಲ್ಲಿ ಕುಳಿತವರಲ್ಲಿ ಒಬ್ಬ ಸೋವಿಯತ್ ಕಡೆಯವನು. ಯಾರು? ಕೆಲಸದಿಂದ ತೆಗೆದುಹಾಕಲ್ಪಟ್ಟ ಸ್ಮೈಲಿಯೇ ಗುಟ್ಟಾಗಿ ಪತ್ತೆ ಮಾಡಬೇಕು.

ಇಷ್ಟು ಸರಳ ಎಳೆ ಮೊದಲ ನೋಟದಲ್ಲಿ ಕೈತಪ್ಪಲು ಕಾರಣ ಮೂರು. ಕಾಲ ಹಿಂದೆ ಮುಂದೆ ಜಿಗಿಯುತ್ತದೆ, 'ಒಂದು ವರ್ಷದ ಹಿಂದೆ' ಎಂಬಂಥ ಬರಹ ಬರುವುದಿಲ್ಲ. ಮುಖ ಗೊತ್ತಾಗುವ ಮೊದಲೇ ಹೆಸರುಗಳು ಉದುರುತ್ತವೆ, ಒಬ್ಬನೇ ಮನುಷ್ಯ ಒಂದು ಕಡೆ ಬಿಲ್, ಇನ್ನೊಂದು ಕಡೆ ಹೇಡನ್, ಮತ್ತೊಂದು ಕಡೆ ಸಂಕೇತನಾಮ. ಮುಖ್ಯವಾದ ಸಂಗತಿಗಳೆಲ್ಲ ಮಾತಿಲ್ಲದೆ ಕಣ್ಣಲ್ಲೇ ಮುಗಿದುಹೋಗುತ್ತವೆ. ಫೋನ್ ನೋಡಲು ತಲೆ ತಗ್ಗಿಸಿದ ನಾಲ್ಕು ಸೆಕೆಂಡಿನಲ್ಲಿ ಒಂದು ಸುಳಿವು ಹೋಗಿರುತ್ತದೆ. ಪ್ರತಿ ನೋಟಕ್ಕೂ ಬೇರೆ ಬೇರೆ ಕೆಲಸ ಇಟ್ಟುಕೊಂಡರೆ ಈ ಮೂರೂ ತೊಡಕು ಬಿಡುತ್ತವೆ.

ಮೊದಲು ಟೀವಿ ಸರಿಮಾಡಿಕೊಳ್ಳಿ

ಛಾಯಾಗ್ರಾಹಕ ಹೊಯ್ಟೆ ವಾನ್ ಹೊಯ್ಟೆಮಾ ಇದನ್ನು ಫಿಲ್ಮ್ ಮೇಲೆ, ಮಂಕು ಬೆಳಕಿನಲ್ಲಿ, ಕಂದು ಮತ್ತು ಬೂದು ಬಣ್ಣಗಳಲ್ಲಿ ಹಿಡಿದಿದ್ದಾರೆ. ಅಂಗಡಿಯಿಂದ ಬಂದ ಹಾಗೇ ಇರುವ ಟೀವಿಯ 'ವಿವಿಡ್' ಮೋಡ್ ಇದನ್ನು ಹಾಳುಮಾಡುತ್ತದೆ. ಪಿಕ್ಚರ್ ಮೋಡನ್ನು 'ಸಿನಿಮಾ', 'ಮೂವಿ' ಅಥವಾ 'ಫಿಲ್ಮ್‌ಮೇಕರ್'ಗೆ ಹಾಕಿ. ಚಲನೆಯನ್ನು ನಯಗೊಳಿಸುವ ಸೌಲಭ್ಯವನ್ನು ಆಫ್ ಮಾಡಿ. ಎಲ್‌ಜಿಯಲ್ಲಿ ಅದು ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಹಳೆಯ ಸ್ಯಾಮ್‌ಸಂಗ್‌ಗಳಲ್ಲಿ ಆಟೋ ಮೋಷನ್ ಪ್ಲಸ್. ಇದು ಆನ್ ಇದ್ದರೆ ಸೆಕೆಂಡಿಗೆ 24 ಚಿತ್ರಗಳ ನಡುವೆ ಟೀವಿ ತನ್ನದೇ ಚಿತ್ರಗಳನ್ನು ತುರುಕುತ್ತದೆ, 1973ರ ಲಂಡನ್ ಧಾರಾವಾಹಿಯ ಸೆಟ್ಟಿನಂತೆ ಕಾಣತೊಡಗುತ್ತದೆ. ಟ್ಯೂಬ್‌ಲೈಟ್ ಆರಿಸಿ. ಮೊಬೈಲಿನಲ್ಲಿ ನೋಡಬೇಡಿ. ಕತ್ತಲ ಮೂಲೆಯಲ್ಲಿ ನಿಂತವನ ಮುಖ ಸಣ್ಣ ಪರದೆಯಲ್ಲಿ ಬರೀ ಮಸಿ.

ಇಂಗ್ಲಿಷ್ ಎಷ್ಟೇ ಚೆನ್ನಾಗಿ ಬಂದರೂ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ. ಇವರೆಲ್ಲ ತುಟಿಯೊಳಗೇ ಮಾತಾಡುವವರು. ಹೆಸರನ್ನು ಅಕ್ಷರದಲ್ಲಿ ಒಮ್ಮೆ ಕಂಡರೆ ಮನಸ್ಸಿನಲ್ಲಿ ನಿಲ್ಲುತ್ತದೆ.

ಒಂದು ಚೀಟಿ ಸಾಕು

ನೋಡುವ ಮುನ್ನ ಕೈಯಲ್ಲೇ ಇಷ್ಟು ಬರೆದಿಟ್ಟುಕೊಳ್ಳಿ. ಇದರಿಂದ ಕಥೆಯ ಗುಟ್ಟು ಕೆಡುವುದಿಲ್ಲ.

ಸರ್ಕಸ್: ಗುಪ್ತಚರ ಸಂಸ್ಥೆ. ಲಂಡನ್ನಿನ ಕೇಂಬ್ರಿಡ್ಜ್ ಸರ್ಕಸ್ ಎಂಬ ವೃತ್ತದಿಂದ ಬಂದ ಅಡ್ಡಹೆಸರು. ಕಂಟ್ರೋಲ್: ಅದರ ಹಳೆಯ ಮುಖ್ಯಸ್ಥ, ಜಾನ್ ಹರ್ಟ್. ಕಾರ್ಲಾ: ಮಾಸ್ಕೋದ ಗೂಢಚಾರರ ಒಡೆಯ. ವಿಚ್‌ಕ್ರಾಫ್ಟ್: ಸೋವಿಯತ್ ಒಳಗಿನಿಂದ ಬರುತ್ತಿದೆ ಎನ್ನಲಾದ ಅಮೂಲ್ಯ ಮಾಹಿತಿ.

ಶಂಕಿತರಿಗೆ ಕಂಟ್ರೋಲ್ ಮಕ್ಕಳ ಪದ್ಯದಿಂದ ಹೆಸರಿಟ್ಟಿದ್ದಾನೆ. ಟಿಂಕರ್ ಎಂದರೆ ಪರ್ಸಿ ಅಲ್ಲೆಲೈನ್ (ಕುಳ್ಳ, ಸಿಡುಕ, ಟೋಬಿ ಜೋನ್ಸ್). ಟೈಲರ್ ಎಂದರೆ ಬಿಲ್ ಹೇಡನ್ (ಚೆಲುವ, ಮಾತುಗಾರ, ಕಾಲಿನ್ ಫರ್ತ್). ಸೋಲ್ಜರ್ ರಾಯ್ ಬ್ಲಾಂಡ್ (ಕಿಯಾರನ್ ಹೈಂಡ್ಸ್). ಪೂರ್‌ಮನ್ ಟೋಬಿ ಎಸ್ಟರ್‌ಹೇಸ್ (ಡೇವಿಡ್ ಡೆನ್ಸಿಕ್). ಐದನೆಯವನು, ಬೆಗರ್‌ಮನ್, ಸ್ವತಃ ಸ್ಮೈಲಿ.

ಮೊದಲ ನೋಟ

ನಿಲ್ಲಿಸಬೇಡಿ, ಹಿಂದಕ್ಕೆ ಓಡಿಸಬೇಡಿ. ಅರ್ಥವಾಗದ್ದನ್ನೆಲ್ಲ ಅಲ್ಲಲ್ಲೇ ಬಿಡಿಸಲು ಹೋದರೆ 127 ನಿಮಿಷ ಮೂರು ಗಂಟೆಯಾಗುತ್ತದೆ, ಸಿನಿಮಾದ ಉಸಿರಾಟವೇ ಕಟ್ಟಿಹೋಗುತ್ತದೆ. ಒಂದೇ ಸೂತ್ರ ನೆನಪಿಡಿ: ಸ್ಮೈಲಿಯ ಕನ್ನಡಕ. ಕೆಲಸ ಹೋದ ಮೇಲೆ ಆತ ಕನ್ನಡಕದ ಅಂಗಡಿಗೆ ಹೋಗಿ ದಪ್ಪ ಫ್ರೇಮಿನ ದೊಡ್ಡ ಕನ್ನಡಕ ಮಾಡಿಸಿಕೊಳ್ಳುತ್ತಾನೆ. ಸುಮ್ಮನೆ ಬಂದಂತಿರುವ ದೃಶ್ಯ, ಹತ್ತರಲ್ಲಿ ಒಂಬತ್ತು ಜನ ಗಮನಿಸುವುದಿಲ್ಲ. ಅಲ್ಲಿಂದ ಮುಂದೆ ಹೊಸ ಕನ್ನಡಕ ಕಂಡರೆ ಈಗಿನ ಕಾಲ, ಹಳೆಯದು ಕಂಡರೆ ಫ್ಲ್ಯಾಶ್‌ಬ್ಯಾಕ್. ಸ್ಮೈಲಿ ಇಲ್ಲದ ದೃಶ್ಯದಲ್ಲಿ ಕಂಟ್ರೋಲ್‌ನನ್ನು ನೋಡಿ: ಆತ ಕಚೇರಿಯಲ್ಲಿ ಕುಳಿತಿದ್ದರೆ ಅದೂ ಹಳೆಯ ಕಾಲವೇ. ಹೊಸ ಕನ್ನಡಕ ಬರುವಷ್ಟರಲ್ಲಿ ಅವನ ಕಾಲ ಮುಗಿದಿರುತ್ತದೆ.

ಈಗಾಗಲೇ ನೋಡಿದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ. ಅವರು ಬಾಯಿ ಬಿಡದಿದ್ದರೂ ಸರಿಯಾದ ಜಾಗದಲ್ಲಿ ಉಸಿರು ಬಿಗಿಹಿಡಿದು ಗುಟ್ಟು ರಟ್ಟು ಮಾಡುತ್ತಾರೆ.

ಮುಗಿದ ಕೂಡಲೇ ನೆಟ್‌ನಲ್ಲಿ ಕಥಾಸಾರ ಓದಲು ಕೈ ತುರಿಸುತ್ತದೆ. ತಡೆಯಿರಿ. ಅರ್ಥವಾಗದ ಮೂರು ಪ್ರಶ್ನೆಗಳನ್ನು ಚೀಟಿಯ ಹಿಂಬದಿಯಲ್ಲಿ ಬರೆದು ವಾರ, ಹತ್ತು ದಿನ ಬಿಡಿ. ಅದಕ್ಕಿಂತ ತಡವಾದರೆ ಮುಖಗಳು ಮರೆತು ಮತ್ತೆ ಮೊದಲಿಂದ ಶುರುಮಾಡಿದಂತಾಗುತ್ತದೆ. ಮರುದಿನವೇ ನೋಡಿದರೆ ಬೇಸರ ಬರುತ್ತದೆ.

ಎರಡನೇ ನೋಟ (ಇಲ್ಲಿಂದ ಮುಂದೆ ಸಿನಿಮಾ ನೋಡಿದವರಿಗೆ ಮಾತ್ರ)

ದ್ರೋಹಿ ಹೇಡನ್ ಎಂದು ಗೊತ್ತಾಗಿದೆ. ಈಗ ಮಾತು ನಡೆಯುವಾಗ ಮಾತಾಡುವವನನ್ನು ಬಿಟ್ಟು ಕೇಳುತ್ತಿರುವವನನ್ನು ನೋಡಿ. ಕಾಲಿನ್ ಫರ್ತ್‌ನ ಚೆಲುವು, ಲಘು ಹಾಸ್ಯ, ಎಲ್ಲರ ಸ್ನೇಹ ಮೊದಲ ಸಲ ವ್ಯಕ್ತಿತ್ವದಂತೆ ಕಂಡಿದ್ದವು. ಈಗ ಅವೆಲ್ಲ ಕಸುಬಿನ ಸಲಕರಣೆಗಳಾಗಿ ಕಾಣುತ್ತವೆ.

ಪದೇ ಪದೇ ಬರುವ ಕ್ರಿಸ್‌ಮಸ್ ಪಾರ್ಟಿಯ ಮುಂದೆ ನಿಧಾನಿಸಿ. ಈ ಸಲ ನಿಲ್ಲಿಸಿ ನೋಡಲು ಅಡ್ಡಿಯಿಲ್ಲ. ಲೆನಿನ್ ಮುಖವಾಡದ ಸಾಂತಾ ಬರುತ್ತಾನೆ, ಬ್ರಿಟಿಷ್ ಗೂಢಚಾರರೆಲ್ಲ ಎದ್ದು ಸೋವಿಯತ್ ರಾಷ್ಟ್ರಗೀತೆ ಹಾಡುತ್ತಾರೆ. ಹಾಡುವವರ ನಡುವೆ ಎದ್ದು ನಿಲ್ಲುವ ಮುದುಕ ಲೆ ಕಾರೆ ಸ್ವತಃ. ಪಾರ್ಟಿ ಒಂದೇ, ಆದರೆ ಪ್ರತಿ ಸಲ ಬೇರೆಯವನ ನೆನಪಿನ ಮೂಲಕ ಬರುತ್ತದೆ. ಒಮ್ಮೆ ಸ್ಮೈಲಿ ಕಿಟಕಿಯಾಚೆ ತನ್ನ ಹೆಂಡತಿ ಆ್ಯನ್‌ಳನ್ನು ಹೇಡನ್‌ನ ತೋಳಲ್ಲಿ ಕಾಣುತ್ತಾನೆ. ಕೊನೆಯ ಸಲ ಸರ್ಕಸ್‌ನ ಗೂಢಚಾರ ಜಿಮ್ ಪ್ರಿಡೋ (ಮಾರ್ಕ್ ಸ್ಟ್ರಾಂಗ್) ಮತ್ತು ಹೇಡನ್ ಜನಜಂಗುಳಿಯ ಮೇಲಿಂದ ಒಬ್ಬರನ್ನೊಬ್ಬರು ನೋಡುತ್ತಾರೆ. ಪ್ರಿಡೋ ಹೇಡನ್‌ನನ್ನು ಕೊಂದದ್ದು ಯಾಕೆ, ಅಳುತ್ತಾ ಕೊಂದದ್ದು ಯಾಕೆ ಎನ್ನುವುದಕ್ಕೆ ಸಿನಿಮಾ ಕೊಡುವ ಉತ್ತರ ಆ ಒಂದು ನೋಟ. ಗುಂಡು ಹೇಡನ್‌ನ ಕಣ್ಣಿನ ಕೆಳಗೆ ತಾಗಿ ರಕ್ತ ಕಣ್ಣೀರಿನಂತೆ ಇಳಿಯುವುದನ್ನೂ ಇದರ ಜೊತೆಗೆ ಇಟ್ಟು ನೋಡಿ.

ಇಬ್ಬರ ಮುಖವನ್ನು ಸಿನಿಮಾ ನಮಗೆ ಸರಿಯಾಗಿ ತೋರಿಸುವುದೇ ಇಲ್ಲ: ಆ್ಯನ್ ಮತ್ತು ಕಾರ್ಲಾ. ಸ್ಮೈಲಿಯ ಬದುಕಿನಲ್ಲಿ ಅತಿ ದೊಡ್ಡ ಜಾಗ ಅವರಿಬ್ಬರದೇ. ಇಬ್ಬರನ್ನೂ ಕೂಡಿಸುವ ವಸ್ತು ಒಂದು ಸಿಗರೇಟ್ ಲೈಟರ್. ದೆಹಲಿಯ ಸೆರೆಯಲ್ಲಿದ್ದ ಕಾರ್ಲಾನನ್ನು ತಮ್ಮ ಕಡೆ ಸೆಳೆಯಲು ಹೋಗಿ ಸೋತ ಕಥೆಯನ್ನು ಸ್ಮೈಲಿ ರಾತ್ರಿಯಲ್ಲಿ ತನ್ನ ಸಹಾಯಕ ಗಿಲಮ್‌ಗೆ (ಬೆನೆಡಿಕ್ಟ್ ಕಂಬರ್‌ಬ್ಯಾಚ್) ಹೇಳುತ್ತಾನೆ. ದೆಹಲಿಯ ಒಂದು ಗೋಡೆಯನ್ನೂ ನಿರ್ದೇಶಕ ತೋರಿಸುವುದಿಲ್ಲ. ಓಲ್ಡ್‌ಮನ್ ಎದುರಿಗಿರುವ ಖಾಲಿ ಕುರ್ಚಿಯ ಕಡೆ ಬಾಗಿ, ಅಲ್ಲಿ ಆ ಮನುಷ್ಯ ಕುಳಿತಿದ್ದಾನೆ ಎಂಬಂತೆ ಮಾತಾಡುತ್ತಾನೆ. ಆ್ಯನ್ ಪ್ರೀತಿಯಿಂದ ಕೊಟ್ಟಿದ್ದ ಲೈಟರನ್ನು ಕಾರ್ಲಾ ಇಟ್ಟುಕೊಂಡು ಹೋದ. ಸ್ಮೈಲಿಯ ದುರ್ಬಲ ಜಾಗ ಯಾವುದೆಂದು ಅವನಿಗೆ ಅವತ್ತೇ ಗೊತ್ತಾಯಿತು. ಆ್ಯನ್‌ಳ ಪ್ರಿಯಕರ ಎನಿಸಿಕೊಂಡರೆ ಸ್ಮೈಲಿ ತನ್ನನ್ನು ನಿಷ್ಪಕ್ಷಪಾತವಾಗಿ ನೋಡಲಾರ ಎಂಬ ಲೆಕ್ಕ ಹೇಡನ್‌ಗೆ ಬಂದದ್ದು ಕಾರ್ಲಾನಿಂದಲೇ. ಮೊದಲ ಸಲ ಮಾತು ಜಾಸ್ತಿಯಾಯಿತು ಎಂದು ಅನ್ನಿಸುವ ಈ ದೃಶ್ಯವೇ ಇಡೀ ಕಥೆಯ ಕೀಲಿ.

ಮೂರನೇ ನೋಟ

ಕೆಲವು ತಿಂಗಳು ಬಿಟ್ಟು, ಈ ಸಲ ಹೆಡ್‌ಫೋನ್ ಹಾಕಿಕೊಂಡು, ಸಬ್‌ಟೈಟಲ್ ತೆಗೆದು ನೋಡಿ. ಕೆಳಗೆ ಓದುತ್ತಿದ್ದ ಕಣ್ಣು ಚೌಕಟ್ಟಿನ ಅಂಚಿಗೆ ಹೋಗುತ್ತದೆ.

ವಿಮಾನದ ದೃಶ್ಯವನ್ನು ಎರಡು ಸಲ ನೋಡಬೇಕು. ಎಸ್ಟರ್‌ಹೇಸ್‌ನನ್ನು ರನ್‌ವೇ ಪಕ್ಕ ನಿಲ್ಲಿಸಿ ಸ್ಮೈಲಿ ಮೆತ್ತಗೆ ಮಾತಾಡುತ್ತಿದ್ದಾನೆ. ಹಿಂದೆ ದೂರದಲ್ಲಿ ವಿಮಾನ ಇಳಿದು ನೇರ ಇವರತ್ತ ಬರುತ್ತದೆ. ಉದ್ದ ಲೆನ್ಸ್ ದೂರವನ್ನು ಕುಗ್ಗಿಸುವುದರಿಂದ ಅದು ಬೆನ್ನಿಗೇ ಬಂದಂತೆ ಕಾಣುತ್ತದೆ, ಶಬ್ದ ಏರುತ್ತಾ ಹೋಗುತ್ತದೆ. ಬೆದರಿಕೆಯ ಕೆಲಸವನ್ನೆಲ್ಲ ವಿಮಾನವೇ ಮಾಡುವುದರಿಂದ ಸ್ಮೈಲಿ ದನಿ ಎತ್ತುವ ಪ್ರಮೇಯವೇ ಇಲ್ಲ. ಇಡೀ ಸಿನಿಮಾದಲ್ಲಿ ಅವನು ಒಮ್ಮೆ ಕೂಗುವುದು ಹೇಡನ್ ಮುಂದೆ.

ಕಾರಿನೊಳಗೆ ಹೊಕ್ಕ ಜೇನುನೊಣವನ್ನೂ ಮರೆಯಬೇಡಿ. ಉಳಿದವರು ಕೈ ಬೀಸಿ ಓಡಿಸಲು ಒದ್ದಾಡುತ್ತಾರೆ, ಸ್ಮೈಲಿ ಸರಿಯಾದ ಹೊತ್ತಿಗೆ ಕಿಟಕಿ ಇಳಿಸುತ್ತಾನೆ, ಅದು ಹೋಗುತ್ತದೆ. ಅವನು ತನಿಖೆ ಮಾಡುವ ರೀತಿಯೂ ಅದೇ.

ಇಷ್ಟಾದರೂ ಹಿಡಿಸದಿದ್ದರೆ ಬಲವಂತ ಬೇಡ. ಗಿಲಮ್ ಕಡತ ಕದಿಯುವ ಭಾಗವೊಂದನ್ನೇ ಮತ್ತೆ ನೋಡಿ, ಅಲ್ಲಿಯೂ ಎದೆ ಹೊಡೆದುಕೊಳ್ಳದಿದ್ದರೆ ಇದು ನಿಮ್ಮ ಸಿನಿಮಾ ಅಲ್ಲ. ಹಿಡಿಸಿದವರು ಅಲೆಕ್ ಗಿನ್ನೆಸ್ ನಟಿಸಿದ 1979ರ ಬಿಬಿಸಿ ಸರಣಿಗೆ ಹೋಗಬಹುದು, ಏಳು ಕಂತು. ಸಿನಿಮಾಗಿಂತ ಮೊದಲು ನೋಡಿದರೆ ಸಿನಿಮಾ ಬರೀ ಸಾರಾಂಶದಂತೆ ಕಾಣುತ್ತದೆ, ಹಾಗಾಗಿ ಆಮೇಲೆ. ಅಂದಹಾಗೆ, ಪ್ರಿಡೋಗೆ ಗುಂಡು ಬೀಳುವ ಊರು ಸಿನಿಮಾದಲ್ಲಿ ಬುಡಾಪೆಸ್ಟ್, ಕಾದಂಬರಿಯಲ್ಲಿ ಅವನು ಹೋಗುವುದು ಚೆಕೊಸ್ಲೊವಾಕಿಯಾಕ್ಕೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡವರು ಗೊಂದಲಕ್ಕೆ ಬೀಳುವುದು ಇಲ್ಲೇ.

ಇದೇ ಕ್ರಮದಲ್ಲಿ ಮುಂದೆ

'ದಿ ಸ್ಪೈ ಹೂ ಕೇಮ್ ಇನ್ ಫ್ರಂ ದಿ ಕೋಲ್ಡ್' (1965, ಕಪ್ಪು ಬಿಳುಪು) ಎರಡೇ ನೋಟಕ್ಕೆ ಸಾಕು. ಎರಡನೇ ಸಲ ರಿಚರ್ಡ್ ಬರ್ಟನ್‌ನ ಪಾತ್ರಕ್ಕೆ ಮೇಲಧಿಕಾರಿ ಆರಂಭದಲ್ಲಿ ಹೇಳುವ ಪ್ರತಿ ಮಾತನ್ನೂ ಸುಳ್ಳು ಎಂದುಕೊಂಡು ಕೇಳಿ. 'ದಿ ಲೈವ್ಸ್ ಆಫ್ ಅದರ್ಸ್' (2006) ಮೊದಲ ಸಲಕ್ಕೇ ಹಿಡಿಸುತ್ತದೆ. ಮತ್ತೆ ನೋಡುವಾಗ ಹೆಡ್‌ಫೋನ್ ಹಾಕಿದ ಉಲ್ರಿಶ್ ಮ್ಯೂಹೆಯ ಮುಖ ಬಿಟ್ಟು ಬೇರೇನೂ ನೋಡದಿದ್ದರೂ ನಷ್ಟವಿಲ್ಲ.

ಕೊಪ್ಪೊಲಾ ಅವರ 'ದಿ ಕಾನ್ವರ್ಸೇಷನ್' (1974) ಕಿವಿಯ ಸಿನಿಮಾ. ಕದ್ದು ಕೇಳುವುದೇ ಕಸುಬಾದ ಹ್ಯಾರಿ ಕಾಲ್ (ಜೀನ್ ಹ್ಯಾಕ್‌ಮನ್) ಸ್ಯಾನ್ ಫ್ರಾನ್ಸಿಸ್ಕೋದ ಯೂನಿಯನ್ ಸ್ಕ್ವೇರಿನಲ್ಲಿ ಒಂದು ಜೋಡಿಯ ಮಾತನ್ನು ಟೇಪಿಗಿಳಿಸಿ ಮತ್ತೆ ಮತ್ತೆ ಕೇಳುತ್ತಾನೆ. 'ಅವಕಾಶ ಸಿಕ್ಕರೆ ಅವನು ನಮ್ಮನ್ನು ಕೊಲ್ಲುತ್ತಾನೆ' ಎಂಬ ಅರ್ಥದ ಸಾಲೊಂದು ಬರುತ್ತದೆ. ಒತ್ತು 'ಕೊಲ್ಲು' ಎಂಬಲ್ಲಿ ಬಿದ್ದರೆ ಅವರು ಹೆದರಿದ ಬಡಪಾಯಿಗಳು, 'ನಮ್ಮನ್ನು' ಎಂಬಲ್ಲಿ ಬಿದ್ದರೆ ಅವನನ್ನು ಮೊದಲು ಮುಗಿಸಲು ನೆಪ ಹುಡುಕುತ್ತಿರುವವರು. ಸೌಂಡ್‌ಬಾರ್‌ನಲ್ಲಿ ಈ ವ್ಯತ್ಯಾಸ ತೇಲಿಹೋಗುತ್ತದೆ, ಕಿವಿ ಮುಚ್ಚುವ ಹೆಡ್‌ಫೋನೇ ಬೇಕು. ಸಾಲು ಮೊದಲ ಸಲ ಸ್ಪಷ್ಟವಾಗಿ ಕೇಳಿಸಿದಾಗ ಸಮಯ ಗುರುತು ಹಾಕಿಕೊಳ್ಳಿ. ಕೊನೆಯ ಸಲ ಬಂದಾಗ ನಿಲ್ಲಿಸಿ, ಹಿಂದಕ್ಕೆ ಹೋಗಿ ಎರಡನ್ನೂ ಬೆನ್ನುಬೆನ್ನಿಗೆ ಕೇಳಿ.