ಎರಡು ಕ್ಯಾಂಡಿ ಶುಗರ್ ಕ್ಯಾಂಡಿ

‘ಶುಗರ್ ಕ್ಯಾಂಡಿ, 2 ಕ್ಯಾಂಡಿ.’ ಈ ಒಂದು ಸಾಲಿನಿಂದ ನನಗೆ 2 ಸಾವಿರ ರೂಪಾಯಿಗೂ ಹೆಚ್ಚು ಹೋಯಿತು.

ಕುಮಟಾದಲ್ಲಿ ಕೂತು ಹಳೇ ಇಂಗ್ಲಿಷ್ ಕಾಗದಪತ್ರ ಕನ್ನಡಕ್ಕೆ ಮಾಡಿಕೊಡುವುದು ನನ್ನ ಕೆಲಸ. ಶಿರಸಿ ಕಡೆಯ ಮನೆಯವರೊಬ್ಬರು ಅಟ್ಟದ ಮೇಲಿದ್ದ ಲೆಕ್ಕದ ಕಟ್ಟು ತಂದುಕೊಟ್ಟರು. ಕುಮಟಾ ಬಂದರಿನಿಂದ ಮುಂಬಯಿಗೆ ಹೋದ ಹತ್ತಿ, ಅಲ್ಲಿಂದ ಬಂದ ದಿನಸಿ. 60 ಪುಟ ಇದ್ದಿರಬೇಕು. ಪುಟಕ್ಕೆ 150ರಂತೆ ಒಪ್ಪಿಕೊಂಡೆ.

ಮೊದಲ ಸಲ ‘ಸಕ್ಕರೆ ಮಿಠಾಯಿ, 2’ ಅಂತ ಬರೆದೆ. ‘ಎರಡು ಮಿಠಾಯಿಗೆ ಇಷ್ಟು ದುಡ್ಡಾ ಮಾಸ್ತರ್ರೇ?’ ಅಂತ ನಕ್ಕು ಕಟ್ಟು ವಾಪಸ್ ಕೊಟ್ಟರು. ಅರ್ಧ ಪುಟಗಳಿಗೆ ದುಡ್ಡೂ ಹಿಡಿದರು. ಕಾರವಾರದ ಗೆಳೆಯನೊಬ್ಬ, ‘ಮಾರಾಯಾ, ಮೊಬೈಲಿಗೆ ಹಾಕು, ಎರಡು ನಿಮಿಷ’ ಅಂದ. ಹಾಕಿದೆ. ಅದೂ ಮಿಠಾಯಿಯನ್ನೇ ಕೊಟ್ಟಿತು!

ಮೊದಲನೇ ಕ್ಯಾಂಡಿ ಕಲ್ಲುಸಕ್ಕರೆ. ಸಂಸ್ಕೃತದ ಖಂಡ ಪರ್ಷಿಯನ್, ಅರಬ್ಬಿ, ಫ್ರೆಂಚ್ ಸುತ್ತಿ ಇಂಗ್ಲಿಷಿಗೆ ಹೋದದ್ದು. ಎರಡನೆಯದು ತೂಕ, ನಮ್ಮ ಖಂಡಿ. ಅದು ಇಲ್ಲಿನ ವ್ಯಾಪಾರಿಗಳ ಬಾಯಿಂದ ಇಂಗ್ಲಿಷಿಗೆ ಹತ್ತಿದ್ದು. 20 ಮಣಕ್ಕೆ ಒಂದು ಖಂಡಿ.

ಅಲ್ಲಿಂದ ನಾನು ಪದ ನೋಡುವುದು ಬಿಟ್ಟು ಸಾಲು ನೋಡತೊಡಗಿದೆ. ತೂಕ, ದರ, ಮೊತ್ತ ಮೂರೂ ತಾಳೆಯಾದರೆ ಮಾತ್ರ ಅರ್ಥ ಬರೆಯುವುದು. ‘ನೀನು ಭಾಷಾಂತರ ಮಾಡ್ತೀಯೋ, ಗುಮಾಸ್ತಗಿರಿ ಮಾಡ್ತೀಯೋ?’ ಅಂತ ಗೆಳೆಯ ಚುಚ್ಚಿದ. ಸಕ್ಕರೆ ತಾಳೆಯಾಯಿತು. ಹತ್ತಿ ಆಗಲಿಲ್ಲ.

ಇಲ್ಲಿ ನಾನು ಜಾಣನಾಗಲು ಹೋದೆ. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತಲ್ವಾ? ಮದ್ರಾಸಿನ ಮಣ 25 ಪೌಂಡ್, ಮುಂಬಯಿಯದು 28. ಹಾಗಾಗಿ ಅದಕ್ಕಿಂತ ಹಳೇ ಪುಟಗಳಿಗೆಲ್ಲ ಮದ್ರಾಸ್ ತೂಕ ಹಾಕಿದೆ. ಹದಿನೈದು ದಿನ ದಂಡ. ಜಿಲ್ಲೆ ಯಾರದಾದರೇನು, ಸರಕು ತೂಗಿದ್ದು ಮುಂಬಯಿಯಲ್ಲಿ!

ಕೊನೆಗೆ ಮೊತ್ತದಿಂದ ಹಿಂದಕ್ಕೆ ಲೆಕ್ಕ ಹಾಕಿದೆ. ಹತ್ತಿಯ ಕ್ಯಾಂಡಿಗೆ 20 ಅಲ್ಲ, 28 ಮಣ. 28 ಸಲ 28, ಅಂದರೆ 784 ಪೌಂಡ್. ಈಗಲೂ ಪೇಪರಿನಲ್ಲಿ ಹತ್ತಿ ದರ 356 ಕಿಲೋದ ಕ್ಯಾಂಡಿಗೆ ಬರುತ್ತದೆ. ಅದೂ ಇದೂ ಒಂದೇ. ಅದು ಹೊಳೆದ ರಾತ್ರಿ ನಿದ್ದೆ ಬರಲಿಲ್ಲ.

ಸುಮ್ನೆ ಕುತೂಹಲಕ್ಕೆ, ಪೇಟೆಯ ಹಳೇ ಅಂಗಡಿಯಿಂದ ಮಣದ ಕಬ್ಬಿಣದ ಕಲ್ಲು ತಂದು ಮೀನಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟೆ. 12 ಕಿಲೋ ಚಿಲ್ಲರೆ ತೋರಿಸಿತು. 28 ಪೌಂಡಿಗೆ 12.7 ಬರಬೇಕು. ಉಳಿದದ್ದು ತುಕ್ಕು ತಿಂದಿರಬೇಕು. ಮೀನಿನವಳು ಮಾತ್ರ ತಕ್ಕಡಿ ಹಾಳಾಯಿತೆಂದು ಬೈದಳು.

ಮಸುಕಾದ ಅಂಕಿ ಓದುವುದು ಹೇಗೆಂದು ಕೇಳಬೇಡಿ. ನನ್ನ ಅನ್ನ ಇರುವುದೇ ಅದರಲ್ಲಿ.

ಶಿರಸಿಯವರು ಹಿಡಿದದ್ದರಲ್ಲಿ ಅರ್ಧ ಮಾತ್ರ ಕೊಟ್ಟರು. ಆದರೆ ಆಮೇಲೆ ಮೂರು ಮನೆಯವರನ್ನು ಕಳಿಸಿದರು. ಕಾರವಾರದ ಗೆಳೆಯ ಮೊನ್ನೆ ತಾನೇ ಒಂದು ಪುಟ ಕಳಿಸಿದ್ದ: ‘ಕ್ಯಾಂಡಿಯ ರಾಜ’. ತೂಕ ಹಾಕಿ, ಸಕ್ಕರೆ ಹಾಕಿ ಸೋತಿದ್ದನಂತೆ. ಅದು ಶ್ರೀಲಂಕಾದ ಊರು. ಗುಡ್ಡಕ್ಕೆ ಸಿಂಹಳದಲ್ಲಿ ಕಂದ ಅನ್ನುತ್ತಾರೆ, ಅದರಿಂದ ಬಂದ ಹೆಸರು. ಅವನ ಹತ್ತಿರವೂ 150 ವಸೂಲು ಮಾಡಿದೆ.